ಆರು ಸಿಲಿಂಡರಿನ ಹಳೆಯ ಕಾರು: ಗುಜರಿಗೋ, ಗ್ಯಾರೇಜಿಗೋ?

2021ರ ಜುಲೈ ತಿಂಗಳಲ್ಲಿ ಗಂಗಾವಳಿ ಉಕ್ಕಿ ಅಂಕೋಲೆಯ ಹೊಳೆಸಾಲಿನ ಮನೆ-ತೋಟಗಳಿಗೆ ನೀರು ನುಗ್ಗಿದ್ದನ್ನು ನಮ್ಮ ಸದಸ್ಯರು ಮರೆತಿರಲಾರರು. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಚಪ್ಪರದ ಪಕ್ಕದ ಮಾಡಿನಲ್ಲಿ ಅಜ್ಜನ ಕಾಲದ 1947ರ ಷೆವ್ರೊಲೆ ಕಾರು ನಿಂತಿತ್ತು. ಬಾನೆಟ್ಟಿನವರೆಗೆ ನೀರೇರಿ, ಎರಡು ದಿನ ನಿಂತು, ಕೆಸರು ಬಿಟ್ಟು ಇಳಿಯಿತು. ಆ ವರ್ಷ ತೋಟಕ್ಕೆ ಕೊಳೆರೋಗವೂ ಬಿದ್ದಿತ್ತು. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಮನೆಯಲ್ಲಿ ಎರಡು ಮಾತಾಯಿತು. ಆ ಹಣಕ್ಕೆ ಔಷಧ ಹೊಡೆಯುವ ಪಂಪು ಬರುತ್ತದೆ ಎಂದು ಕಿರಿಯರು; ಇದೇ ಕಾರಿನಲ್ಲಿ ಹೆರಿಗೆಗೆಂದು ಕಾರವಾರಕ್ಕೆ ಹೋಗಿಬಂದವರು ಈ ಮನೆಯಲ್ಲೇ ಇದ್ದಾರೆ ಎಂದು ಹಿರಿಯರು. ಕೊನೆಗೆ, ಬಲ್ಲವರೊಬ್ಬರಿಗೆ ತೋರಿಸಿಯೇ ತೀರ್ಮಾನಿಸೋಣ ಎಂದಾಯಿತು. ಆಮೇಲೆ ನಾವು ಕಲಿತದ್ದನ್ನು, ನಾವು ಮಾಡಿದ ತಪ್ಪನ್ನೂ ಸೇರಿಸಿ, ಇಲ್ಲಿ ಹೇಳುತ್ತೇವೆ.

ಈ ಎಂಜಿನ್ನಿನ ಗುಣವೇನು?

ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸಲು ಆರಂಭಿಸಿ 1954ರವರೆಗೆ ನಡೆಸಿತು. 1929ರ ಮಾದರಿಯಿಂದ ಷೆವ್ರೊಲೆಗೆ ಆರು ಸಿಲಿಂಡರಿನ ಎಂಜಿನ್ನು ಬಂತು. ನಾಲ್ಕರ ಬೆಲೆಗೆ ಆರು ಎಂಬುದೇ ಅದರ ಜಾಹೀರಾತು. ನಮ್ಮ ಕಾರಿನದು ಅದೇ ವಂಶದ ಮುಂದಿನ ಪೀಳಿಗೆ: ಸುಮಾರು ಮೂರೂವರೆ ಲೀಟರ್ ಗಾತ್ರ, 90 ಅಶ್ವಶಕ್ತಿ.

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕು ಅರ್ಧ ಸುತ್ತು ತಿರುಗುವಾಗ ಒಂದು ಹೊಡೆತ ಸಿಗುತ್ತದೆ. ಆರರಲ್ಲಿ ಸುತ್ತಿನ ಮೂರನೆಯ ಒಂದು ಪಾಲಿಗೇ ಒಂದು. ಒಂದನೆಯದು-ಆರನೆಯದು, ಎರಡನೆಯದು-ಐದನೆಯದು, ಮೂರನೆಯದು-ನಾಲ್ಕನೆಯದು, ಹೀಗೆ ಪಿಸ್ಟನ್ನುಗಳು ಜೋಡಿಯಾಗಿ ಏರಿಳಿಯುವುದರಿಂದ ಒಂದು ಜೋಡಿಯ ಕುಲುಕನ್ನು ಉಳಿದೆರಡು ಜೋಡಿಗಳು ಸರಿದೂಗಿಸುತ್ತವೆ. ನುರಿತವರು ಹೊತ್ತ ಪಲ್ಲಕ್ಕಿ ಅಲುಗದಂತೆ ಇದು. ಬೆಂಕಿ ಹಿಡಿಯುವ ಸರದಿ 1-5-3-6-2-4. ಮೂರನೇ ಗೇರಿನಲ್ಲಿ ನಿಧಾನವಾಗಿ ಬಿಟ್ಟರೂ ಜಗ್ಗದೆ ಎಳೆಯುವುದು ಇದರ ಗುಣ. ಕಾಳಿ ನದಿಗೆ 1983ರಲ್ಲಿ ಸೇತುವೆಯಾಗುವ ಮೊದಲು ಸದಾಶಿವಗಡಕ್ಕೆ ಗಾಡಿ ದಾಟಿಸಲು ದೋಣಿಯನ್ನೇ ನಂಬಬೇಕಿತ್ತು. ದೋಣಿಗೆ ಹತ್ತಿಸುವಾಗ ಇಂಚಿಂಚಾಗಿ ಬಿಡಲು ಇದಕ್ಕಿಂತ ಸಾಧು ಎಂಜಿನ್ನಿಲ್ಲ ಎಂದು ಅಜ್ಜ ಹೇಳುತ್ತಿದ್ದರು. ಆ ಸೇತುವೆಯೂ 2024ರ ಆಗಸ್ಟ್ 7ರಂದು ಕುಸಿದುಹೋಯಿತು.

ನೀರು ಹೊಕ್ಕ ಎಂಜಿನ್ನು

ನಮ್ಮ ಮೊದಲ ತಪ್ಪು ತಡಮಾಡಿದ್ದು. ಕಾರನ್ನು ದೀಪಾವಳಿಯವರೆಗೆ ಹಾಗೆಯೇ ಬಿಟ್ಟೆವು. ವಾಲ್ವು ತೆರೆದು ನಿಂತಿದ್ದ ಎರಡು ಸಿಲಿಂಡರುಗಳಿಗೆ ನೀರಿಳಿದು, ತುಕ್ಕು ಕಟ್ಟಿ, ಪಿಸ್ಟನ್ನು ಹಿಡಿದುಹೋಗಿತ್ತು. ಕಾರವಾರದಿಂದ ಬಂದ ವಯಸ್ಸಾದ ಮೇಸ್ತ್ರಿಗಳು ಹ್ಯಾಂಡಲ್ ಎತ್ತಿದ ನಮ್ಮ ಹುಡುಗನ ಕೈ ಹಿಡಿದರು. "ಮೊದಲು ಪ್ಲಗ್ ಬಿಚ್ಚಿ ರಾಯರೇ. ನೀರು ಅದುಮುವ ವಸ್ತುವಲ್ಲ. ಒಳಗೆ ನೀರಿದ್ದು ಜೋರಾಗಿ ತಿರುಗಿಸಿದರೆ ರಾಡು ಬಾಗುತ್ತದೆ" ಎಂದರು. ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನಿಗೂ ಈ ಮಾತು ಅನ್ವಯಿಸುತ್ತದೆ, ಸದಸ್ಯರು ನೆನಪಿಡಬೇಕು.

ಆರೂ ಪ್ಲಗ್ ತೆಗೆದು, ಸೀಮೆಎಣ್ಣೆ ಮತ್ತು ಎಂಜಿನ್ ಆಯಿಲ್ ಬೆರೆಸಿ ಸಿಲಿಂಡರುಗಳಿಗೆ ಸುರಿದು ಎಂಟು ದಿನ ಬಿಟ್ಟರು. ಒಂಬತ್ತನೆಯ ದಿನ ಫ್ಲೈವೀಲನ್ನು ಕೈಯಿಂದಲೇ ಹಿಂದೆ-ಮುಂದೆ ಆಡಿಸುತ್ತ ಬಿಡಿಸಿದರು. ಆಮೇಲೆ ಹೆಡ್ಡು ಇಳಿಸಿ ನೋಡಿದಾಗ ನಾಲ್ಕು ಬೋರುಗಳು ಉಜ್ಜಿದರೆ ಸಾಕೆನ್ನುವಂತಿದ್ದವು. ಉಳಿದೆರಡಕ್ಕೆ ಹುಬ್ಬಳ್ಳಿಯಲ್ಲಿ ಸ್ಲೀವು ಹಾಕಿಸಬೇಕಾಯಿತು.

ಎರಡನೆಯ ತಪ್ಪು

ಹುಬ್ಬಳ್ಳಿಯಿಂದ ಬ್ಲಾಕು ಬಂದಾಗ ಮೇಸ್ತ್ರಿಗಳಿಗೆ ಜ್ವರ. ನಮಗೆ ಆತುರ. ಬೇರೊಂದು ಗ್ಯಾರೇಜಿನಲ್ಲಿ ಜೋಡಿಸಿಕೊಂಡೆವು. ಅಲ್ಲಿನವರಿಗೆ ಗೊತ್ತಿದ್ದುದು ಈಗಿನ ಶೆಲ್ ಬೇರಿಂಗು. ಈ ಎಂಜಿನ್ನಿನ ರಾಡಿಗೆ ಶೆಲ್ಲಿಲ್ಲ. ಬ್ಯಾಬಿಟ್ ಎಂಬ ಮೆತ್ತನೆಯ ಬಿಳಿಲೋಹವನ್ನು ಕರಗಿಸಿ ರಾಡಿನ ಬಾಯಿಗೇ ಎರಕ ಹೊಯ್ದಿರುತ್ತಾರೆ. ರಾಡಿಗೂ ಕ್ಯಾಪಿಗೂ ನಡುವೆ ಕಾಗದದಷ್ಟು ತೆಳುವಾದ ಶಿಮ್ಮುಗಳಿರುತ್ತವೆ. ಅವನ್ನು ಕಸವೆಂದು ತೆಗೆದು, ಬೋಲ್ಟನ್ನು ಬಿಗಿಯಾಗಿ ತಿರುಗಿಸಿದರು. ಸಂಜೆ ಅರಬೈಲ್ ಘಟ್ಟದ ಬುಡ ಮುಟ್ಟುವಷ್ಟರಲ್ಲಿ ಮೂರನೆಯ ರಾಡು ಕಾದು, ಲೋಹ ಕರಗಿ, ಬಡಿಯತೊಡಗಿತು. ಲಾರಿಗೆ ಕಟ್ಟಿ ಎಳೆದು ತಂದೆವು. ಆ ದಿನ ಗುಜರಿಯವನ ನೆನಪು ಎಲ್ಲರಿಗೂ ಬಂದಿತ್ತು.

ಮೇಸ್ತ್ರಿಗಳು ಗುಣವಾಗಿ ಬಂದು ಆ ರಾಡಿಗೆ ಮತ್ತೆ ಎರಕ ಹೊಯ್ದರು. ಶಿಮ್ಮುಗಳನ್ನು ಒಂದೊಂದಾಗಿ ತೆಗೆಯುತ್ತ, ಕೈಯಿಂದ ಆಡಿಸಿದರೆ ರಾಡು ಅಲುಗದಂತಾದ ಮೇಲೆ ಒಂದನ್ನು ಮರಳಿ ಹಾಕುವುದು ಅವರ ಕ್ರಮ. ಈ ಎಂಜಿನ್ನಿನಲ್ಲಿ ರಾಡುಗಳಿಗೆ ಒತ್ತಡದಿಂದ ಆಯಿಲ್ ಬರುವುದಿಲ್ಲ. ರಾಡಿನ ತುದಿಯ ಸಣ್ಣ ಸೌಟು ಸಂಪಿನೊಳಗಿನ ತೊಟ್ಟಿಯ ಆಯಿಲನ್ನು ಮೊಗೆಯುತ್ತದೆ. ಆದ್ದರಿಂದ ಸಂಪು ಇಳಿಸಿ ಹಳೆಯ ಕರಿ ಗಸಿಯನ್ನು ಪೂರ್ತಿ ತೊಳೆಯದೆ ಹೊಸ ಆಯಿಲ್ ತುಂಬಬಾರದು. ಈಗಿನ ಆಯಿಲು ಗಸಿಯನ್ನು ಎಬ್ಬಿಸಿ ದಾರಿ ಕಟ್ಟಿಸುತ್ತದೆ. ಟೈಮಿಂಗ್ ನೋಡಲು ಫ್ಲೈವೀಲಿನಲ್ಲಿ ಉಕ್ಕಿನ ಸಣ್ಣ ಗುಂಡೊಂದನ್ನು ಕೂರಿಸಿರುತ್ತಾರೆ. ಕೆಸರು ಒರೆಸಿದರೆ ಮಾತ್ರ ಕಾಣುತ್ತದೆ.

ಕರಾವಳಿಯಲ್ಲಿ ಇಡುವವರಿಗೆ

ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ನಿಂತ ಗಾಡಿಯ ಶತ್ರುಗಳು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಬೇಕು. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಒಳಗೆ ಬೆವರು ಕಟ್ಟಿ ಕೇಡೇ ಹೆಚ್ಚು. ಡಿಸ್ಟ್ರಿಬ್ಯೂಟರ್ ಮುಚ್ಚಳವನ್ನು ಒಣಬಟ್ಟೆಯಿಂದ ಒರೆಸಬೇಕು. ರೇಡಿಯೇಟರಿಗೆ ಕಡಲಂಚಿನ ಬಾವಿಯ ಸವುಳು ನೀರು ಬೇಡ. ಹಿಡಿದಿಟ್ಟ ಮಳೆನೀರು ಲೇಸು. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಕೆಡಿಸುತ್ತದೆ, ತೇವವನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಫ್ಯುಯಲ್ ಪಂಪಿನ ಡಯಾಫ್ರಂ ಮತ್ತು ಪೈಪುಗಳನ್ನು ಅದಕ್ಕೆ ತಾಳುವಂಥವಕ್ಕೆ ಬದಲಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರನ್ನು ಬರಿದು ಮಾಡಬೇಕು.

ಕಾಯಿದೆಯ ಮಾತು

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿರುವ, ಬಾಡಿಗೆಗೆ ಓಡಿಸದ ದ್ವಿಚಕ್ರ ಮತ್ತು ನಾಲ್ಕುಚಕ್ರ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ; ಸಂಖ್ಯೆಯಲ್ಲಿ 'ವಿಎ' ಎಂಬ ಗುರುತಿರುತ್ತದೆ. ಈಗಾಗಲೇ ನೋಂದಣಿ ಇರುವ ಗಾಡಿ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ದಿನನಿತ್ಯ ಪೇಟೆಗೆ ಒಯ್ಯುವಂತಿಲ್ಲ. ಇದನ್ನು ತಿಳಿದೇ ಕೈಹಾಕಬೇಕು.

ಲಾಭವೇ?

ಹಣದ ಲೆಕ್ಕದಲ್ಲಿ ಇದು ಲಾಭದ ಬಾಬ್ತಲ್ಲ. ಆ ವರ್ಷದ ಚಾಲಿ ಮಾರಿದ ಹಣದಲ್ಲಿ ಮೂರರಲ್ಲೊಂದು ಪಾಲು ಇದಕ್ಕೇ ಹೋಯಿತು. ಔಷಧದ ಪಂಪು ಮರುವರ್ಷಕ್ಕೆ ಉಳಿಯಿತು. ಸಾಲ ಮಾಡಿ ಇಂಥ ಕೆಲಸಕ್ಕೆ ಇಳಿಯಿರಿ ಎಂದು ನಾವು ಯಾರಿಗೂ ಹೇಳುವುದಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಎರಕ ಹೊಯ್ಯುವಾಗ ಲೋಹದ ಕಾವು ಸಾಕೋ ಸಾಲದೋ ಎಂದು ಮೇಸ್ತ್ರಿಗಳು ಒಂದು ಒಣಕಡ್ಡಿ ಅದ್ದಿ, ಅದು ಕರಿಯಾಗುವ ಬಗೆ ನೋಡಿ ಹೇಳುತ್ತಿದ್ದರು. ಅದನ್ನು ಪಕ್ಕದಲ್ಲಿ ಕುಳಿತು ಕಲಿತವನು ಗುಜರಿಗೆ ಕೊಡೋಣ ಎಂದಿದ್ದ ನಮ್ಮ ಹುಡುಗನೇ. ಈಗ ಊರಿನ ಪಂಪ್‌ಸೆಟ್ಟು, ಔಷಧದ ಎಂಜಿನ್ನು ಕೆಟ್ಟರೆ ಅವನನ್ನು ಕರೆಯುತ್ತಾರೆ. ಸದಸ್ಯರ ಮಾಡಿನಲ್ಲಿ ಇಂಥ ಗಾಡಿಯಿದ್ದರೆ ತೂಕಕ್ಕೆ ಹಾಕುವ ಮೊದಲು ಬಲ್ಲವರಿಗೊಮ್ಮೆ ತೋರಿಸಿ. ತೋರಿಸುವಾಗ ಮನೆಯ ಹುಡುಗರನ್ನು ಪಕ್ಕದಲ್ಲಿ ಕೂರಿಸಲು ಮರೆಯಬೇಡಿ.