ಅಪ್ಪನ ಇಸಿಎಚ್‌ಎಸ್ ಕಾರ್ಡು ಬೋಪಾಲ್‌ನಲ್ಲಿ ನಡೆಯುತ್ತಾ?

ಈ ಸಲದ ಮಾತು ಮಾಜಿ ಸೈನಿಕರ ಆಸ್ಪತ್ರೆ ಖರ್ಚಿನ ಬಗ್ಗೆ. ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಇದು ಯಾಕೆ ಅಂತೀರಾ? ಕೊಡಗು, ಬೆಳಗಾವಿ, ಧಾರವಾಡ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ ಸೇನೆಯಲ್ಲಿದ್ದವರು, ಮಗನೋ ಮಗಳೋ ಐಟಿ. ಮಕ್ಕಳು ಬೋಪಾಲ್‌ನಲ್ಲಿ ಫ್ಲ್ಯಾಟ್ ತಗೋತಾರೆ, ವಯಸ್ಸಾದ ಮೇಲೆ ಅಪ್ಪ-ಅಮ್ಮ ಬಂದು ಜೊತೆಗಿರ್ತಾರೆ. (ಬೋಪಾಲ್ ಅಂದ್ರೆ ಅಹಮದಾಬಾದಿನದು, ಮಧ್ಯಪ್ರದೇಶದ ಭೋಪಾಲ್ ಅಲ್ಲ. ಊರಲ್ಲಿ ಪ್ರತಿ ಸಲ ಇದನ್ನ ಬಿಡಿಸಿ ಹೇಳಬೇಕು.) ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಎದೆ ನೋವು ಅಂದ್ರೆ, ಅವರ ಪರ್ಸಿನಲ್ಲಿರೋ ಆ ಕಾರ್ಡು ಏನು ಮಾಡುತ್ತೆ?

ಇಸಿಎಚ್‌ಎಸ್ ಶುರುವಾಗಿದ್ದು 2003ರ ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚೆ ನಿವೃತ್ತ ಸೈನಿಕರು ಮಿಲಿಟರಿ ಆಸ್ಪತ್ರೆಯನ್ನೇ ನಂಬಿಕೊಂಡಿರಬೇಕಿತ್ತು. ಅಲ್ಲಿ ಮೊದಲ ಆದ್ಯತೆ ಸೇವೆಯಲ್ಲಿರೋರಿಗೆ, ಅದು ಸಹಜ. ಹಳ್ಳಿಗೆ ಹೋಗಿ ನೆಲೆಸಿದವರಿಗೆ ಆ ಆಸ್ಪತ್ರೆಯೂ ದೂರ. ಈಗ ದೇಶದಲ್ಲಿ ನಾನೂರಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. ಪಿಂಚಣಿದಾರರು ಒಂದೇ ಸಲ ವಂತಿಗೆ ಕಟ್ಟಿದ್ರೆ ಗಂಡ-ಹೆಂಡತಿ ಇಬ್ಬರಿಗೂ ಜೀವಮಾನವಿಡೀ ಚಿಕಿತ್ಸೆ. 2017ರ ಕೊನೆಯಲ್ಲಿ ನಿಗದಿಯಾದ ಲೆಕ್ಕದಲ್ಲಿ ಹವಾಲ್ದಾರ್‌ವರೆಗೆ 30,000 ರೂಪಾಯಿ, ಜೆಸಿಒಗಳಿಗೆ 67,000, ಅಧಿಕಾರಿಗಳಿಗೆ 1,20,000. 1996ಕ್ಕೆ ಮುಂಚೆ ನಿವೃತ್ತರಾದವರಿಗೆ ವಂತಿಗೆಯೇ ಇಲ್ಲ. ನಮ್ಮ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಕೆಲಸ ಬಿಟ್ಟ ದಿನ ಮುಗಿಯುತ್ತೆ, ಇದು ಹಾಗಲ್ಲ.

ಮಾಮೂಲಿ ದಾರಿ ಹೀಗೆ: ಮೊದಲು ಪಾಲಿಕ್ಲಿನಿಕ್, ಅಲ್ಲಿನ ಡಾಕ್ಟರ್ ರೆಫರಲ್ ಕೊಟ್ಟ ಮೇಲೆ ಪಟ್ಟಿಯಲ್ಲಿರೋ ಖಾಸಗಿ ಆಸ್ಪತ್ರೆ, ಅಲ್ಲಿ ಕ್ಯಾಶ್‌ಲೆಸ್. ಎಮರ್ಜೆನ್ಸಿಯಲ್ಲಿ ರೆಫರಲ್‌ಗೆ ಕಾಯಬೇಕಿಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೂ ಸೇರಿಸಬಹುದು, ಆದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಅಂಥಾ ಕಡೆ ದುಡ್ಡು ಮೊದಲು ನೀವೇ ಕಟ್ಟೋದು. ಆಮೇಲೆ ವಾಪಸ್ ಬರೋದು ಸಿಜಿಎಚ್‌ಎಸ್ ದರದಲ್ಲಿ, ಆಸ್ಪತ್ರೆ ಹಾಕಿದ ದರದಲ್ಲಲ್ಲ. ನಡುವಿನ ವ್ಯತ್ಯಾಸ ಮನೆಯವರ ತಲೆಮೇಲೆ.

ಈಗ ನನ್ನ ತಕರಾರು. ಆಫೀಸಿನಲ್ಲಿ ನಾವು ಯಾವ ಸರ್ವೀಸ್ ಕೊಟ್ಟರೂ ಎಸ್‌ಎಲ್‌ಎ ಬರೀತೀವಿ, ಇಷ್ಟು ಹೊತ್ತಲ್ಲಿ ಉತ್ತರ ಬರಲೇಬೇಕು ಅಂತ. ಇಸಿಎಚ್‌ಎಸ್‌ನಲ್ಲಿ ಅಂಥದ್ದು ರೋಗಿಯ ಕೈಲಿಲ್ಲ. ಇದು ಸಂಸತ್ತು ಮಾಡಿದ ಕಾಯ್ದೆಯಲ್ಲ, ರಕ್ಷಣಾ ಸಚಿವಾಲಯದ 2002ರ ಡಿಸೆಂಬರ್‌ನ ಆದೇಶದಿಂದ ಹುಟ್ಟಿದ ಯೋಜನೆ. ಸರ್ಜನ್ ಸಿಗೋಕೆ ಎರಡು ತಿಂಗಳಾದ್ರೆ ಏನು, ಬಿಲ್ ಬಾಕಿ ಅಂತ ಆಸ್ಪತ್ರೆ ಪಟ್ಟಿಯಿಂದ ಹೊರಗೆ ಹೋದ್ರೆ ಏನು? "ಇಷ್ಟು ದಿನ ಮೀರಿದ್ರೆ ಹೊರಗೆ ತೋರಿಸಿಕೋ, ಖರ್ಚು ನಮ್ಮದು" ಅನ್ನೋ ಸಾಲು ಕಾಯ್ದೆಯಲ್ಲಿ ಇಲ್ಲ, ಯಾಕಂದ್ರೆ ಕಾಯ್ದೆಯೇ ಇಲ್ಲ.

ಅಮೆರಿಕದಲ್ಲಿ ಆ ಸಾಲು ಬಂದಿದ್ದು ಒಂದು ಹಗರಣದಿಂದ. 2014ರಲ್ಲಿ ಫೀನಿಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆ ಕಾಯುವವರ ನಿಜವಾದ ಪಟ್ಟಿ ಮುಚ್ಚಿಟ್ಟಿದ್ದು ಬಯಲಾಯ್ತು. ಅದೇ ವರ್ಷ ಚಾಯ್ಸ್ ಆಕ್ಟ್ ಬಂತು: 30 ದಿನ ಕಾಯಬೇಕಾದ್ರೆ, ಇಲ್ಲಾ 40 ಮೈಲಿ ದೂರ ಇದ್ರೆ, ಖಾಸಗಿ ಡಾಕ್ಟರ್ ಹತ್ರ ಹೋಗಿ. 2018ರ ಮಿಷನ್ ಆಕ್ಟ್ ಅದನ್ನ ತಿದ್ದಿ ಬರೀತು. ಅದರಡಿ ಸಾಮಾನ್ಯ ಚಿಕಿತ್ಸೆಗೆ 20 ದಿನ ಅಥವಾ 30 ನಿಮಿಷದ ಡ್ರೈವ್, ತಜ್ಞರಿಗೆ 28 ದಿನ ಅಥವಾ 60 ನಿಮಿಷ. ಸ್ವಾರಸ್ಯ ನೋಡಿ, ಈ ಅಂಕಿಗಳು ಕಾಯ್ದೆಯೊಳಗಿಲ್ಲ, ಇಲಾಖೆಯ ನಿಯಮದಲ್ಲಿವೆ. ನಾಳೆ ಯಾರಾದ್ರೂ ಬದಲಾಯಿಸಬಹುದು. ಅದಕ್ಕೇ ಅವನ್ನ ಕಾಯ್ದೆಯೊಳಗೇ ಸೇರಿಸಬೇಕು ಅಂತ 2025ರಲ್ಲಿ ಆಕ್ಸೆಸ್ ಆಕ್ಟ್ ಮಸೂದೆ ಮಂಡಿಸಿದರು. ಖಾಸಗಿಗೆ ದುಡ್ಡು ಹರಿದು ಸರ್ಕಾರಿ ಆಸ್ಪತ್ರೆಗಳು ಸೊರಗ್ತವೆ ಅಂತ ಅಲ್ಲಿ ವಿರೋಧವೂ ಇದೆ. ಅದು ತಳ್ಳಿಹಾಕೋ ಮಾತಲ್ಲ.

ನಮ್ಮಲ್ಲಿ ಆ ಜಾಗ ತುಂಬ್ತಿರೋದು ಕೋರ್ಟು. ಸಿಜಿಎಚ್‌ಎಸ್‌ಗೆ ಸೇರಿದ ಶಿವಕಾಂತ್ ಝಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು: ಆಸ್ಪತ್ರೆ ಪಟ್ಟಿಯಲ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಮರುಪಾವತಿ ನಿರಾಕರಿಸೋ ಹಾಗಿಲ್ಲ, ಚಿಕಿತ್ಸೆ ನಿಜವಾಗಿ ಆಗಿತ್ತಾ ಅನ್ನೋದನ್ನ ನೋಡಬೇಕು. ಒಳ್ಳೇ ತೀರ್ಪು. ಆದರೆ ಎಪ್ಪತ್ತೈದರ ಅಪ್ಪ ವಕೀಲರ ಮನೆಗೆ ಅಲೆಯೋದು ಯಾರಿಗೆ ಬೇಕು?

ಆದೇಶದಿಂದ ಬಂದದ್ದು ಆದೇಶದಿಂದಲೇ ಹಿಗ್ಗುತ್ತೆ, ಕುಗ್ಗುತ್ತೆ. 2019ರಲ್ಲಿ ಶಾರ್ಟ್ ಸರ್ವಿಸ್ ಅಧಿಕಾರಿಗಳನ್ನೂ ಒಳಗೆ ಸೇರಿಸಿಕೊಂಡರು. 2022ರ ಅಗ್ನಿಪಥದಲ್ಲಿ ನಾಲ್ಕು ವರ್ಷ ಮುಗಿಸಿ ಬರೋ ಅಗ್ನಿವೀರನಿಗೆ ಇಸಿಎಚ್‌ಎಸ್ ಇಲ್ಲ ಅಂತ ಬರೆದರು. ಊರಲ್ಲಿ ತಮ್ಮನೋ ಅಳಿಯನೋ ಅಗ್ನಿವೀರ್ ಆಗಿದ್ರೆ ಅವನಿಗೆ ಬೇರೆ ಇನ್ಶೂರೆನ್ಸ್ ಈಗಲೇ ನೋಡಿ.

ಅಪ್ಪ-ಅಮ್ಮ ಬೋಪಾಲ್‌ಗೆ ಬಂದು ವರ್ಷಗಟ್ಟಲೆ ಇರೋದಾದ್ರೆ, ಅವರ ಪೇರೆಂಟ್ ಪಾಲಿಕ್ಲಿನಿಕ್ಕನ್ನ ಮಡಿಕೇರಿಯಿಂದಲೋ ಬೆಳಗಾವಿಯಿಂದಲೋ ಅಹಮದಾಬಾದಿಗೆ ಬದಲಾಯಿಸಿಕೊಳ್ಳಿ. ಬಿಪಿ, ಶುಗರ್ ಮಾತ್ರೆ ತಿಂಗಳಾ ತಿಂಗಳಾ ಅಲ್ಲಿಂದಲೇ ಬರಬೇಕಲ್ಲ. ಅಮ್ಮನ ಕಾರ್ಡು ಬೇರೆ ಇರುತ್ತೆ, ಅದು ಊರಿನ ಬೀರುವಿನಲ್ಲಿ ಉಳಿಯದಿರಲಿ. ಮನೆಗೆ ಹತ್ತಿರ ಪಟ್ಟಿಯಲ್ಲಿರೋ ಆಸ್ಪತ್ರೆ ಯಾವುದು ಅಂತ ಪಾಲಿಕ್ಲಿನಿಕ್‌ನಲ್ಲೇ ಕೇಳಿ, ಆರು ತಿಂಗಳಿಗೊಮ್ಮೆ ಮತ್ತೆ ಕೇಳಿ, ಪಟ್ಟಿ ಬದಲಾಗ್ತಾ ಇರುತ್ತೆ. ಆ ಫೋನ್ ನಂಬರ್ ಫ್ರಿಜ್ ಮೇಲೆ ಅಂಟಿಸಿ. 48 ಗಂಟೆಯ ಲೆಕ್ಕ ಆಸ್ಪತ್ರೆಗೆ ಸೇರಿಸಿದ ಹೊತ್ತಿನಿಂದಲೇ ಶುರು.