ಹೆದ್ದಾರಿಯೂ ಹೊಲದ ಜೀವಿಗಳೂ

ಸುಗ್ಗಿಯ ದಿನಗಳಲ್ಲಿ ಜೇವರ್ಗಿಯಿಂದ ಶಹಾಪುರ, ಸುರಪುರಗಳ ಮಾರ್ಗವಾಗಿ ಲಿಂಗಸುಗೂರಿನ ಕಡೆಗೆ ಪಯಣಿಸುವವರಿಗೆ ಹೆದ್ದಾರಿಯ ಒಂದು ಮಗ್ಗುಲಲ್ಲಿ ಭತ್ತವನ್ನೋ ತೊಗರಿಯನ್ನೋ ಒಣಹಾಕಿರುವುದು ಕಣ್ಣಿಗೆ ಬೀಳದಿರದು. ಕೃಷ್ಣೆಯ ಕಾಲುವೆ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತದ ಬೆಳೆ ಹೆಚ್ಚಿತು. ಕಣಕ್ಕೆ ಡಾಂಬರು ರಸ್ತೆಯಷ್ಟು ಹಸನಾದ ನೆಲ ಬೇರೆಲ್ಲಿ ಸಿಕ್ಕೀತು? ಚೆಲ್ಲಿದ ಕಾಳಿಗೆ ಹಗಲು ಬೆಳವಕ್ಕಿಗಳು ಬರುತ್ತವೆ, ರಾತ್ರಿ ಇಲಿಗಳು. ಇಲಿಗಳ ಬೆನ್ನ ಹಿಂದೆ ಹಾವೂ ಗೂಬೆಯೂ. ಅವುಗಳಲ್ಲಿ ಯಾವುದಾದರೊಂದು ಚಕ್ರಕ್ಕೆ ಸಿಕ್ಕಿ ಸತ್ತರೆ ಆ ಮಾಂಸಕ್ಕೆಂದು ನರಿ ಬರುತ್ತದೆ, ಅದೂ ಸಾಯುತ್ತದೆ.

ಕಾಳಿಲ್ಲದ ಕಡೆಯಲ್ಲೂ ರಸ್ತೆಗೆ ಒಂದು ಆಕರ್ಷಣೆಯುಂಟು. ಹಗಲೆಲ್ಲ ಬಿಸಿಲನ್ನು ಹೀರಿದ ಕಪ್ಪು ಡಾಂಬರು ಕತ್ತಲಾದ ಮೇಲೂ ಬಹಳ ಹೊತ್ತು ಸುತ್ತಲಿನ ನೆಲಕ್ಕಿಂತ ಬೆಚ್ಚಗಿರುತ್ತದೆ. ಮೈಯ ಶಾಖವನ್ನು ಒಳಗಿನಿಂದ ಉಂಟುಮಾಡಿಕೊಳ್ಳಲಾರದ ಹಾವಿಗೆ ಅದು ಸುಖದ ಹಾಸಿಗೆ. ರಾತ್ರಿ ಹುಳು ಹಿಡಿಯುವ ನತ್ತಿಂಗವೆಂಬ ಹಕ್ಕಿಯೂ ಅಲ್ಲಿಯೇ ಬಂದು ಕೂರುವುದು.

ಮೋಟಾರು ನಡೆಸುವವನಿಗೆ ಕರುಣೆಯಿಲ್ಲವೆಂದು ಹೇಳುವವರಿದ್ದಾರೆ. ನಾವು ಇದನ್ನು ಒಪ್ಪೆವು. ಅವನಿಗೆ ಕರುಣೆಯಿದ್ದರೂ ಸಾಲದು. ಅದಕ್ಕೆ ಕಾರಣ ಚಲನಶಕ್ತಿಯ ನಿಯಮ. ಕಣ್ಣು ಕಂಡುದಕ್ಕೆ ಕಾಲು ಬ್ರೇಕನ್ನು ಒತ್ತಲು ಸುಮಾರು ಒಂದು ಸೆಕೆಂಡು ಬೇಕು. ಆಮೇಲೆ ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿನಲ್ಲಿಯೂ ವೇಗವನ್ನು ಸೆಕೆಂಡಿಗೆ 7 ಮೀಟರಿನಷ್ಟು ತಗ್ಗಿಸುವುದೆಂದಿಟ್ಟುಕೊಳ್ಳೋಣ. ಗಂಟೆಗೆ 40 ಕಿಲೋಮೀಟರು ವೇಗದ ಕಾರು ನಿಲ್ಲಲು ಮೊದಲ ಸೆಕೆಂಡಿನ 11 ಮೀಟರು, ಬ್ರೇಕಿನ 9 ಮೀಟರು, ಒಟ್ಟು 20 ಮೀಟರು ಸಾಕು. ವೇಗವು 80 ಆದರೆ? ಮೊದಲ ಭಾಗ ಇಮ್ಮಡಿಯಾಗಿ 22 ಮೀಟರು. ಎರಡನೆಯದು ವೇಗದ ವರ್ಗದಂತೆ ನಾಲ್ಮಡಿಯಾಗಿ 35 ಮೀಟರು. ಒಟ್ಟು 57.

ದೀಪದ ಬೆಳಕಿನಲ್ಲಿ ಮೊಲವೊಂದು 40 ಮೀಟರು ದೂರದಲ್ಲಿ ಕಂಡಿತೆನ್ನಿ. ನಿಧಾನವಾಗಿ ಬಂದ ಕಾರು ಅದಕ್ಕೆ 20 ಮೀಟರು ಮೊದಲೇ ನಿಲ್ಲುತ್ತದೆ. ವೇಗವಾಗಿ ಬಂದದ್ದು ಮೊಲವಿರುವ ಸ್ಥಳವನ್ನು ಮುಟ್ಟುವಾಗ ಇನ್ನೂ ಗಂಟೆಗೆ 56 ಕಿಲೋಮೀಟರು ವೇಗದಲ್ಲಿರುತ್ತದೆ! ವಾಚಕರು ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಮೊಲ ಓಡಿಹೋಗಬಾರದೆ? ಕತ್ತಲಿಗೆ ಹೊಂದಿಕೊಂಡ ಅದರ ಕಣ್ಣಿಗೆ ದೀಪದ ಪ್ರಖರತೆ ಬಡಿದೊಡನೆ ಬೇರೇನೂ ತೋರದು. ಕೆಡಿದ ದೃಷ್ಟಿ ಮರಳಿ ಬರಲು ನಿಮಿಷಗಳೇ ಬೇಕು. ಶತ್ರು ಕಂಡಾಗ ಅಲುಗದೆ ಕೂರುವುದು ಎಷ್ಟೋ ಪ್ರಾಣಿಗಳ ಹಳೆಯ ಉಪಾಯ. ನರಿಗೂ ಹದ್ದಿಗೂ ಅದು ನಡೆಯಿತು, ಮೋಟಾರಿಗೆ ನಡೆಯದು.

ರಾತ್ರಿಯ ಈ ಅಪಾಯವನ್ನು ಗಮನಿಸಿಯೇ ಬಂಡೀಪುರದ ಕಾಡಿನ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. ಕೇರಳದ ವಯನಾಡಿನ ಜನರಿಂದ ವಿರೋಧ ಬಂದರೂ 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಶಹಾಪುರದ ಹೆದ್ದಾರಿಯನ್ನು ರಾತ್ರಿ ಮುಚ್ಚಬೇಕೆಂದು ನಾವು ಹೇಳೆವು. ಅದು ಊರೂರುಗಳನ್ನು ಕೂಡಿಸುವ ದಾರಿ. ಆದರೆ ಕೆರೆ, ಹಳ್ಳ, ಗುಡ್ಡಗಳ ಮಗ್ಗುಲಲ್ಲಿ ಹಾದುಹೋಗುವ ಕೆಲವು ಫರ್ಲಾಂಗುಗಳಲ್ಲಾದರೂ ವೇಗವನ್ನು ಅರೆಮಾಡಿದರೆ ಕಳೆದುಹೋಗುವ ಹೊತ್ತೆಷ್ಟು? ಒಂದು ಕಿಲೋಮೀಟರಿಗೆ 45 ಸೆಕೆಂಡು.

ರಸ್ತೆಯನ್ನು ಬಿಟ್ಟು ಇಳಿದ ವಾಹನದ ಕಥೆಯೇ ಬೇರೆ. ಸುರಪುರದ ಬಳಿಯ ಬೋನಾಳ ಪಕ್ಷಿಧಾಮವನ್ನು ತೆಗೆದುಕೊಳ್ಳೋಣ. ಅದು ಸುರಪುರದ ನಾಯಕ ಅರಸರ ಕಾಲದ ಕೆರೆ. 19ನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ಅದನ್ನು ವಿಸ್ತರಿಸಿದರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೆರವಾಗುವ ಬಯಲು ನೋಡುವವರಿಗೆ ಬರಿಯ ನೆಲ. ಅಂಥ ಬಯಲಿನಲ್ಲಿ ಜೀಪನ್ನೋ ಮೋಟಾರು ಸೈಕಲನ್ನೋ ಓಡಿಸಿದರೆ ಏನು ಹಾನಿಯೆಂದು ತೋರಬಹುದು. ಟಯರಿನೊಳಗಿನ ಗಾಳಿಯ ಒತ್ತಡವೆಷ್ಟೋ ಸರಿಸುಮಾರು ಅಷ್ಟೇ ನೆಲದ ಮೇಲೂ ಬೀಳುತ್ತದೆ: ಕಾರಿನದಾದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ. ನಿಂತ ಮನುಷ್ಯನ ಪಾದದಡಿಯ ಒತ್ತಡ ಇದರ ಹತ್ತನೆಯ ಒಂದು ಪಾಲಿನ ಆಸುಪಾಸು. ಹಸಿಯಾದ ಎರೆಮಣ್ಣಿನಲ್ಲಿ ಗಾಳಿ, ನೀರು ಇಳಿಯುವ ರಂಧ್ರಗಳು ಹೀಗೆ ಮುಚ್ಚಿಹೋಗುತ್ತವೆ. ಚಕ್ರದ ಜಾಡಿನಲ್ಲಿ ಹುಲ್ಲು ಹುಟ್ಟದು, ಮುಂದಿನ ಮಳೆಗೆ ಆ ಜಾಡೇ ಕೊರಕಲಾಗುವುದು.

ಇಂಥ ಬಯಲಿನಲ್ಲಿಯೇ ಟಿಟ್ಟಿಭ ಮೊಟ್ಟೆಯಿಡುವುದು. ಅದು ಗೂಡು ಕಟ್ಟದು. ನಾಲ್ಕು ಮೊಟ್ಟೆಗಳು ಚುಕ್ಕೆಚುಕ್ಕೆಯಾಗಿ ಮಣ್ಣಿನ ಬಣ್ಣದಲ್ಲಿ ಕಲ್ಲುಗಳ ನಡುವೆ ಮರೆಯಾಗಿರುತ್ತವೆ. ನಾವು ಹತ್ತು ಹೆಜ್ಜೆ ದೂರದಲ್ಲಿ ನಿಂತು, ತಾಯಿಹಕ್ಕಿ ತಲೆಯ ಮೇಲೆ ಕಿರಿಚುತ್ತ ಹಾರಾಡುತ್ತಿರುವಾಗಲೂ ಅವುಗಳನ್ನು ಹುಡುಕಲಾರದೆ ಹಿಂತಿರುಗಿದ್ದುಂಟು. ಎಂಜಿನ್ನಿನ ಸದ್ದಿನೊಳಗೆ ಕುಳಿತವನಿಗೆ ಆ ಕಿರಿಚುವಿಕೆಯೂ ಕೇಳಿಸದು.