ಸೌರಫಲಕದ ಬೆನ್ನಿಗೆ ಲೇಸರ್ ಗೀರು

ಜತ್ತ ತಾಲ್ಲೂಕಿನ ಉಮದಿ, ಸಂಖದ ಕಡೆ ಮಳೆಯನ್ನೇ ನಂಬಿ ಕೂರುವ ಹಾಗಿಲ್ಲ. ದ್ರಾಕ್ಷಿ, ದಾಳಿಂಬೆಗೆ ನೀರು ಬೇಕೆಂದರೆ ಬೋರ್‌ವೆಲ್, ಬೋರ್‌ವೆಲ್ಲಿಗೆ ಕರೆಂಟು. ಮಹಾರಾಷ್ಟ್ರ ಸರ್ಕಾರ ಸಬ್ಸಿಡಿ ಕೊಟ್ಟು ಸೌರಪಂಪು ಹಾಕಿಸುತ್ತಿರುವುದು ಇಂಥ ಸೀಮೆಗೆ ಹೇಳಿ ಮಾಡಿಸಿದ್ದು. ಬಿಸಿಲಿಗಂತೂ ಅಲ್ಲಿ ಬರವಿಲ್ಲ.

ಫಲಕದ ಮುಖವನ್ನು ಎಲ್ಲರೂ ನೋಡಿರುತ್ತಾರೆ. ಸ್ವಾರಸ್ಯ ಇರುವುದು ಬೆನ್ನಲ್ಲಿ. ಸಿಲಿಕಾನ್ ಬಿಲ್ಲೆಯ ಹಿಂಬದಿಯಲ್ಲಿ ಜೋಡಿ ಸಿಗದ ಪರಮಾಣು ಬಂಧಗಳು ಬಾಯಿ ತೆರೆದುಕೊಂಡಿರುತ್ತವೆ, ಬಿಸಿಲು ಎಬ್ಬಿಸಿದ ಎಲೆಕ್ಟ್ರಾನುಗಳನ್ನು ನುಂಗುತ್ತವೆ. ಇದನ್ನು ತಡೆಯಲು ಅಲ್ಯೂಮಿನಿಯಂ ಆಕ್ಸೈಡಿನ ತೆಳುಪೊರೆ, ಅದರ ಮೇಲೆ ಸಿಲಿಕಾನ್ ನೈಟ್ರೈಡ್ ಬಳಿಯುತ್ತಾರೆ. ಆದರೆ ಎರಡೂ ವಿದ್ಯುತ್ ಹರಿಯಗೊಡದ ವಸ್ತುಗಳು. ಹಿಂಬದಿಯ ಲೋಹಕ್ಕೆ ದಾರಿ ಬೇಡವೇ? ಅದಕ್ಕೆ ಪೊರೆಯಲ್ಲಿ 30ರಿಂದ 50 ಮೈಕ್ರೋಮೀಟರ್ ಅಗಲದ ಗೀರುಗಳನ್ನು ಲೇಸರ್ ಮಿಡಿತಗಳಿಂದ ತೆರೆಯುತ್ತಾರೆ. 1989ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಗ್ರೀನ್ ತಂಡ ಪ್ರಕಟಿಸಿದ ಬೆನ್ನಿಗೆ ಪೊರೆ ಹೊದ್ದ 'ಪರ್ಕ್' ಸೌರಕೋಶಗಳು ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಾಗುವುದಕ್ಕೆ ಈ ಗೀರೂ ಒಂದು ಕಾರಣ.

ಲೇಸರ್ ಎಂದರೆ ಭಾರೀ ಶಕ್ತಿ ಎಂಬ ಭಾವನೆ ಪೂರ್ತಿ ಸರಿಯಲ್ಲ. ಒಂದು ಮಿಡಿತದಲ್ಲಿ 1 ಮಿಲಿಜೂಲ್ ಇದೆ ಎನ್ನಿ, ಲೆಕ್ಕಕ್ಕೇ ಬಾರದಷ್ಟು. ಅದನ್ನೇ 10 ನ್ಯಾನೋಸೆಕೆಂಡಿನಲ್ಲಿ ಸುರಿದರೆ ಆ ಕ್ಷಣದ ಮಟ್ಟಿಗೆ 100 ಕಿಲೋವ್ಯಾಟ್, ಅಂದರೆ 5 ಎಚ್‌ಪಿಯ ಸುಮಾರು 27 ಪಂಪುಗಳ ತಾಕತ್ತು! ಬಿದ್ದ ಜಾಗ ಕರಗಿ ಹರಿಯುವ ಮೊದಲೇ ಆವಿಯಾಗಿ ಎಗರುತ್ತದೆ.

ಬಣ್ಣವೂ ಮುಖ್ಯ. 1064 ನ್ಯಾನೋಮೀಟರಿನ ಅತಿಗೆಂಪು ಬೆಳಕು ತೆಳು ಬಿಲ್ಲೆಯನ್ನು ಬಹುಪಾಲು ಹಾದುಹೋಗುತ್ತದೆ. 532ರ ಹಸಿರು ಬೆಳಕು ಸುಮಾರು ಒಂದು ಮೈಕ್ರೋಮೀಟರಿನಲ್ಲೇ ಇಂಗುತ್ತದೆ. ಇಲ್ಲೊಂದು ತಮಾಷೆ: ಹಸಿರು ಬೆಳಕು ನೈಟ್ರೈಡ್ ಪೊರೆಯನ್ನು ಮುಟ್ಟುವುದೇ ಇಲ್ಲ. ದಾಟಿ ಹೋಗಿ ಕೆಳಗಿನ ಸಿಲಿಕಾನಿನ ಚರ್ಮವನ್ನು ಕುದಿಸುತ್ತದೆ, ಆ ಆವಿಯ ಒತ್ತಡಕ್ಕೆ ಪೊರೆ ಕಿತ್ತು ಹಾರುತ್ತದೆ. 10 ನ್ಯಾನೋಸೆಕೆಂಡಿನಲ್ಲಿ ಶಾಖ ಸಿಲಿಕಾನಿನೊಳಗೆ ಸುಮಾರು ಒಂದು ಮೈಕ್ರೋಮೀಟರ್ ಹರಡಿ ಹರಳನ್ನು ಕೆಡಿಸಬಲ್ಲದು. ಮಿಡಿತವನ್ನು 10 ಪಿಕೋಸೆಕೆಂಡಿಗೆ ಇಳಿಸಿದರೆ ಆ ದೂರ ಸುಮಾರು ಮೂವತ್ತರಲ್ಲೊಂದು ಪಾಲಾಗುತ್ತದೆ. ಯಂತ್ರದ ಬೆಲೆ ಮಾತ್ರ ಏರುತ್ತದೆ.

ಲೇಸರ್ ಹೀಗೆ ಎಬ್ಬಿಸುವ ಆವಿ ಕಾರ್ಖಾನೆಗೆ ಕಸ, ಪ್ರಯೋಗಾಲಯಕ್ಕೆ ಬಂಡವಾಳ. ನಿರ್ವಾತದಲ್ಲಿ ಅದನ್ನು ಬಿಸಿ ತಟ್ಟೆಯ ಮೇಲೆ ಕೂರಿಸಿ ಹರಳಿನ ಪೊರೆ ಬೆಳೆಸುವ ವಿದ್ಯೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗಡೆ, ಎಸ್.ಬಿ. ಕೃಪಾನಿಧಿ ಅವರ ತಂಡಗಳು ಪಳಗಿಸಿದವು.

ಲೇಸರಿನ ಇನ್ನೊಂದು ಕೆಲಸ ಹೊಲದಲ್ಲೇ ಕಾಣುತ್ತದೆ. ಹೊಸ ಫಲಕದ ನಡುವೆ ಅಡ್ಡಲಾಗಿ ಸಣ್ಣ ಸಂದು, ಹಿಂದೆ ಮಧ್ಯದಲ್ಲಿ ಮೂರು ಪುಟ್ಟ ಕಪ್ಪು ಡಬ್ಬಿಗಳಿದ್ದರೆ ಅದು ಅರ್ಧ ಕೋಶಗಳ ಫಲಕ. ಪ್ರತಿ ಬಿಲ್ಲೆಗೂ ಲೇಸರಿನಿಂದ ಗೀರೆಳೆದು ಎರಡಾಗಿ ಮುರಿದಿರುತ್ತಾರೆ. ಕರೆಂಟು ಅರ್ಧವಾಗಿ, ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು ಕಾಲುಭಾಗಕ್ಕಿಳಿಯುತ್ತದೆ. ಮುರಿದ ಅಂಚಿನಲ್ಲಿ ತುಸು ನಷ್ಟವಿದ್ದರೂ ಒಟ್ಟಿನಲ್ಲಿ ಲಾಭವೇ. ಮೇಲರ್ಧ, ಕೆಳಗರ್ಧ ಸಮಾಂತರವಾಗಿ ದುಡಿಯುವುದರಿಂದ, ಉದ್ದಕ್ಕೆ ನಿಲ್ಲಿಸಿದ ಫಲಕದ ಬುಡಕ್ಕೆ ಸಂಜೆ ದಾಳಿಂಬೆ ಗಿಡದ ನೆರಳು ಬಿದ್ದರೂ ಮೇಲಿನ ಭಾಗ ಕರೆಂಟು ಕೊಡುತ್ತಿರುತ್ತದೆ. ಅಡ್ಡಡ್ಡ ಮಲಗಿಸಿ ಕೂರಿಸಿದರೆ ಈ ಅನುಕೂಲ ಕೈತಪ್ಪುತ್ತದೆ. ಫಿಟ್ಟರ್ ಬಂದಾಗಲೇ ಹೇಳಿಬಿಡುವುದು ಒಳ್ಳೆಯದು.